ಅಟ್ಟದ ಮೇಲಿನ ಅಚ್ಚು ಇಳಿಸಿ

ಡಿಸೆಂಬರ್ ಬಂದರೆ ಸಾಕು, ಮೊಬೈಲ್ ತುಂಬಾ ಜಿಂಜರ್‌ಬ್ರೆಡ್ ಮನೆಗಳು. ಶುಂಠಿ, ಕಾಕಂಬಿ ಹಾಕಿ ಗಟ್ಟಿಯಾಗಿ ಬೇಯಿಸಿದ ಬಿಸ್ಕತ್ತಿನ ಗೋಡೆ. ಅಂಟಿಸಲು ಮೊಟ್ಟೆಯ ಬಿಳಿಗೆ ಸಕ್ಕರೆ ಪುಡಿ ಕಲಸಿದ ಗಾರೆ. ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಕತೆಯೊಂದರಲ್ಲೂ ಕಾಡಿನ ಮುದುಕಿಗೆ ಇಂಥದೇ ತಿನ್ನುವ ಮನೆ ಇದೆ. ಬೆಂಗಳೂರಿನಿಂದ ರಜೆಗೆ ಬಂದ ಅಕ್ಕನ ಮಕ್ಕಳು "ಮಾಮಾ, ನಾವೂ ಕಟ್ಟೋಣ" ಅಂತ ಗಂಟು ಬಿದ್ದಿದ್ದಾರೆ.

ಕಟ್ಟಲಿ, ನನ್ನ ತಕರಾರು ಅದಲ್ಲ. ಕೊಪ್ಪಳದಲ್ಲಿ ಇದ್ದುಕೊಂಡು ನಾವು ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯನ್ನು, ಅಂದರೆ ಅಚ್ಚಿನಲ್ಲಿ ಎರೆದ ಸಕ್ಕರೆ ಗೊಂಬೆಗಳನ್ನು, ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತರುತ್ತೇವಲ್ಲ, ಅದು ತಕರಾರು. ಆನೆ, ಕುದುರೆ, ನವಿಲು, ತೇರು, ಗೋಪುರ ಎಲ್ಲಾ ಇರುತ್ತವೆ. ಆದರೆ ಮಕ್ಕಳಿಗೆ ಸಿಗೋದು ಪ್ಲಾಸ್ಟಿಕ್ ಚೀಲ ಬಿಚ್ಚುವ ಕೆಲಸ ಮಾತ್ರ.

ಮನೆಯಲ್ಲಿ ಮಾಡಿದರೆ ಎಷ್ಟು ಕೆಲಸ ಗೊತ್ತಾ? ಕಟ್ಟಿಗೆಯ ಅಚ್ಚನ್ನು ಮುಂಚೆಯೇ ನೀರಲ್ಲಿ ನೆನೆಹಾಕಬೇಕು. ಒಣ ಅಚ್ಚಿಗೆ ಪಾಕ ಕಚ್ಚಿಕೊಂಡರೆ ಆನೆ ಹೊರಗೆ ಬರುತ್ತದೆ, ಸೊಂಡಿಲು ಒಳಗೇ ಉಳಿಯುತ್ತದೆ. ಕುದಿಯುವ ಸಕ್ಕರೆಗೆ ಸ್ವಲ್ಪ ಹಾಲು ಬಿಟ್ಟರೆ ಕೊಳೆಯೆಲ್ಲಾ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಮತ್ತೆ ಕಾಸಬೇಕು. ಎಳೆ ಪಾಕ ಬಂದ ಮೇಲೆ ಇಳಿಸಿ, ಸೌಟಿನಿಂದ ಪಾತ್ರೆಯ ಅಂಚಿಗೆ ತಿಕ್ಕುತ್ತಾ ಹೋದರೆ ತಿಳಿಯಾಗಿದ್ದ ಪಾಕ ಬೆಳ್ಳಗಾಗುತ್ತದೆ. ಸಕ್ಕರೆ ಮತ್ತೆ ಹರಳಾಗಲು ಶುರುವಾದ ಗುರುತು ಅದು. ಆಗಲೇ ಸುರಿಯಬೇಕು. ಸ್ವಲ್ಪ ತಡವಾದರೂ ಪಾತ್ರೆಯಲ್ಲೇ ಗಡ್ಡೆ! ಸುರಿಯುವುದು ದೊಡ್ಡವರ ಕೆಲಸ, ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಬಿಡಲ್ಲ. ಅಚ್ಚಿನ ಎರಡು ಭಾಗ ಜೋಡಿಸಿ ದಾರ ಬಿಗಿಯುವುದು, ಆರಿದ ಮೇಲೆ ಬಿಚ್ಚುವುದು ಮಕ್ಕಳದು.

ಬಿಚ್ಚುವಾಗಲೇ ಮಜಾ. ಎಲ್ಲರೂ ಉಸಿರು ಹಿಡಿದು ಕೂತಿರುತ್ತಾರೆ. ಅವ್ವ ಒಡೆಯದಿರಲಿ ಅಂತ, ಮಕ್ಕಳು ಒಡೆಯಲಿ ಅಂತ. ಕಿವಿ ಮುರಿದ ಕುದುರೆ ಬಂತೋ, ಅವ್ವನ ತೀರ್ಪು ಬರುತ್ತದೆ: "ಮುಕ್ಕಾದದ್ದು ಗೌರವ್ವಗ ನಡೆಯಂಗಿಲ್ಲ, ತಗೊಳ್ರಿ." ಅಂಗಡಿಯ ಆರತಿಯಲ್ಲಿ ಈ ಸುಖ ಎಲ್ಲಿದೆ? ಒಡೆದದ್ದನ್ನು ಅವರು ತೂಕಕ್ಕೇ ಹಾಕುವುದಿಲ್ಲ.

ಇನ್ನೊಂದು ಮಾತು. ಆರತಿ ಹಿಡಿದು ಗುಡಿಗೆ ಹೋಗುವವರು ಹೆಣ್ಣುಮಕ್ಕಳು, ಸರಿ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆ, ಹೂವಿನ ಜೊತೆ ಸಕ್ಕರೆ ಆರತಿ ಬರುವುದೂ ಸರಿ. ಆದರೆ ಪಾಕ ತಿಕ್ಕಲು ಗಂಡಸರ ರಟ್ಟೆಗೆ ಏನಾಗಿದೆ? ತಿಂಗಳುಗಟ್ಟಲೆ ಅದೇ ಆನೆ, ಒಂಟೆಗಳನ್ನು ಕುಟ್ಟಿ ಹಾಕಿದ ಚಹಾ ಕುಡಿಯುವುದರಲ್ಲಿ ನಾವೇ ಮುಂದು, ಅಲ್ವಾ?

ಕಟ್ಟಿಗೆ ಗೊಂಬೆಗೆ ಹೆಸರಾದ ಕಿನ್ನಾಳ ಪಕ್ಕದಲ್ಲೇ ಇದೆ. ಆದರೂ ಯಾರಾದರೂ ಹೊಸ ಅಚ್ಚು ಕೆತ್ತಿಸಿದ್ದನ್ನು ನಾನಂತೂ ಈಚೆಗೆ ಕೇಳಿಲ್ಲ. ಮೊದಲು ಓಣಿಗೆಲ್ಲಾ ನಾಲ್ಕಾರು ಮನೆಯ ಅಚ್ಚುಗಳೇ ಸಾಕಾಗುತ್ತಿದ್ದವು. ಒಬ್ಬರ ತೇರು, ಇನ್ನೊಬ್ಬರ ನವಿಲು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಈಗ ಅವೆಲ್ಲ ಅಟ್ಟದ ಮೇಲೆ ಸುಮ್ನೆ ಬಿದ್ದಿವೆ. ಇಳಿಸಿ. ಬಿರುಕು ಬಿಟ್ಟಿಲ್ಲವೆಂದರೆ ತೊಳೆದು ನೆರಳಲ್ಲಿ ಒಣಗಿಸಿ, ಕೇಳಿದವರಿಗೆ ಕೊಡಿ.

ನಮ್ಮಲ್ಲಿ ಆನೆ, ನವಿಲು, ಗೋಪುರದ ಅಚ್ಚುಗಳಿವೆ. ಊರಿನವರು ಯಾರು ಬೇಕಾದರೂ ಒಯ್ಯಬಹುದು. ಒಂಟೆ ಮಾತ್ರ ಕೇಳಬೇಡಿ. ಅದರ ಒಂದು ಭಾಗ ಯಾರ ಮನೆಯಲ್ಲಿ ಉಳಿಯಿತೋ, ಅವ್ವ ಇನ್ನೂ ಹುಡುಕುತ್ತಿದ್ದಾಳೆ. ನಿಮ್ಮಲ್ಲಿದ್ದರೆ ದಯವಿಟ್ಟು ತಂದುಕೊಡಿ, ಬೈಯದಂತೆ ನಾನು ನೋಡಿಕೊಳ್ಳುತ್ತೇನೆ.