ಭಾನುವಾರ ಸಂಜೆಯೊಳಗೆ ವಿಶ್ವಶಾಂತಿ

ಶನಿವಾರ ಬಂತೆಂದರೆ ಬೆಂಗಳೂರಿನ ಯಾವುದಾದರೊಂದು ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಭದ್ರತಾ ಮಂಡಳಿ ಸೇರುತ್ತದೆ. ಬಿ.ಕಾಂ. ಎರಡನೇ ವರ್ಷದ ಹುಡುಗ ಫ್ರಾನ್ಸ್. ಜಯನಗರದ ಹುಡುಗಿ ರಷ್ಯಾ. ಶುಲ್ಕ ತಡವಾಗಿ ಕಟ್ಟಿದವನು ಪಕ್ಕದ ಕೊಠಡಿಯ ಮಹಾಸಭೆಯಲ್ಲಿ ಟುವಾಲು ಎಂಬ ಪುಟ್ಟ ದ್ವೀಪದೇಶ.

ಇದು ಮಾದರಿ ವಿಶ್ವಸಂಸ್ಥೆ: ಒಬ್ಬೊಬ್ಬರು ಒಂದೊಂದು ದೇಶವಾಗಿ ವಿಶ್ವಸಂಸ್ಥೆಯ ಸಭೆಯನ್ನು ಆಡಿ ತೋರಿಸುವುದು. ವಿದ್ಯಾರ್ಥಿಗಳೇ ಕಟ್ಟಿ ನಡೆಸುವ ಸಂಘ, ಉದ್ದೇಶ ಅಂತರರಾಷ್ಟ್ರೀಯ ಸಂಬಂಧಗಳ ಶಿಕ್ಷಣ. ಕೋಟು ಕಡ್ಡಾಯ. ಏಪ್ರಿಲ್ ಸೆಕೆಯಲ್ಲಿ ಅಣ್ಣನ ಮದುವೆಯ ಕೋಟು ತೊಟ್ಟು, ಬೆವರು ಒರೆಸಿಕೊಳ್ಳುತ್ತ ಹವಾಮಾನ ಬದಲಾವಣೆಯ ಬಗ್ಗೆ ಮಾತನಾಡುವವರ ನಿಷ್ಠೆಯನ್ನು ಮೆಚ್ಚಲೇಬೇಕು. ಅಲ್ಲಿ 'ನಾನು' ಎನ್ನುವಂತಿಲ್ಲ. 'ಫ್ರಾನ್ಸ್ ಪ್ರತಿನಿಧಿಯ ಅಭಿಪ್ರಾಯದಲ್ಲಿ' ಎನ್ನಬೇಕು. ಫ್ಯಾನ್ ಜೋರು ಮಾಡಿಸಬೇಕಾದರೂ ನಾಮಫಲಕ ಎತ್ತಿ 'ಪಾಯಿಂಟ್ ಆಫ್ ಪರ್ಸನಲ್ ಪ್ರಿವಿಲೇಜ್' ಎಂದು ಅಧ್ಯಕ್ಷರನ್ನು ಬೇಡಬೇಕು. ಅಧ್ಯಕ್ಷರು ಎಂಜಿನಿಯರಿಂಗ್ ಕೊನೆಯ ವರ್ಷದವರು. ಎರಡು ವಿಷಯ ಪಾಸಾಗುವುದು ಬಾಕಿ ಇದೆ, ಆದರೆ ಸಭೆಯನ್ನು ಸುಮ್ಮನಾಗಿಸುವ ಸುತ್ತಿಗೆ ಅವರ ಕೈಯಲ್ಲಿದೆ.

ನ್ಯೂಯಾರ್ಕಿನ ಮಂಡಳಿಯಲ್ಲಿ 15 ಸದಸ್ಯರು, ಅವರಲ್ಲಿ 5 ಮಂದಿಗೆ ವೀಟೋ, ಅಂದರೆ ಒಬ್ಬರೇ ನಿರ್ಣಯ ಬೀಳಿಸುವ ಅಧಿಕಾರ. 1945ರಲ್ಲಿ ಹಾಕಿದ ಆ ಐದು ಕುರ್ಚಿಗಳು ಇನ್ನೂ ಅಲುಗಾಡಿಲ್ಲ. ಯುದ್ಧ ನಿಲ್ಲಿಸುವ ನಿರ್ಣಯಗಳು ಅಲ್ಲಿ ಮತ್ತೆ ಮತ್ತೆ ಬಿದ್ದುಹೋಗುತ್ತವೆ. ಇಲ್ಲಿ ಹಾಗಲ್ಲ. ಪ್ರಮಾಣಪತ್ರ ವಿತರಣೆಗೆ ತಡವಾಗಬಾರದೆಂದು ಭಾನುವಾರ ನಾಲ್ಕು ಗಂಟೆಗೇ ಅಂಗೀಕಾರವಾಗುತ್ತವೆ. ರಷ್ಯಾ ಕೂಡ ಕೈ ಎತ್ತುತ್ತದೆ, ಅದಕ್ಕೆ ಮೆಟ್ರೊ ಹಿಡಿಯಬೇಕು.

ನೀರಿನ ಹಂಚಿಕೆಯೂ ಚರ್ಚೆಗೆ ಬರುತ್ತದೆ. ನೈಲ್, ಮೆಕಾಂಗ್ ಎಲ್ಲ ಬಾಯಿಪಾಠ. ಕಾವೇರಿ ಎಂದರೆ ಮಾತ್ರ ಗಲಾಟೆಯಾದೀತೆಂದು ಸುತ್ತಿಗೆ ಬೀಳುತ್ತದೆ. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಅಡಿ ಹೆಚ್ಚಿಗೆ ಕೊಟ್ಟದ್ದು ಈ ಜಲತಜ್ಞರಿಗೆ ಟ್ಯಾಂಕರ್ ಬಾರದ ದಿನವೂ ನೆನಪಾಗುವುದಿಲ್ಲ.

ಹಾಗೆಂದು ಮಕ್ಕಳನ್ನೇ ದೂರುವುದು ಅನ್ಯಾಯ. ಮತ ಹಾಕುವ ಆಸೆ ತೀರಿಸಿಕೊಳ್ಳಲು ನಾವು ಅವರಿಗೆ ಬಿಟ್ಟುಕೊಟ್ಟ ಜಾಗವಾದರೂ ಎಲ್ಲಿದೆ? ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗೆ ಬೀಗ ಬಿದ್ದು ಮೂರು ದಶಕ ದಾಟಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ 198 ಕಾರ್ಪೊರೇಟರ್‌ಗಳು ಮನೆಗೆ ಹೋದ ಮೇಲೆ ಐದು ವರ್ಷ ಅಧಿಕಾರಿಗಳದ್ದೇ ದರ್ಬಾರು. 2025ರಲ್ಲಿ, ಚುನಾವಣೆ ನಡೆಸುವುದಕ್ಕಿಂತ ಸುಲಭವೆಂದೋ ಏನೋ, ಪಾಲಿಕೆಯನ್ನೇ ಒಡೆದು ಐದು ಮಾಡಿದರು. ಅಷ್ಟು ಕಾಲ ನಮ್ಮ ಹುಡುಗನಿಗೆ ಬೀದಿಯ ಕಸದ ಬಗ್ಗೆ ಕೇಳಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಗಾಜಾದ ಬಗ್ಗೆ ವೀಟೋ ಇತ್ತು.

ಇಂಥ ಒಂದು ಸಂಘದಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು, ಮುಂದಿನ ಸಾಲಿನ ಅಧ್ಯಕ್ಷರನ್ನು ನಾವೇ ಮತ ಹಾಕಿ ಆರಿಸಬಹುದೇ ಎಂದು ಕೇಳಿದಳಂತೆ. ಉಸ್ತುವಾರಿ ಮೇಡಂ ಗಾಬರಿಬಿದ್ದರು. "ಅದೆಲ್ಲ ರಾಜಕೀಯ ಕಣಮ್ಮ, ನಮ್ಮ ಕಾಲೇಜಿಗೆ ಬೇಡ." ಸೋಮವಾರ ಪ್ರಾಂಶುಪಾಲರ ಸಹಿಯೊಂದಿಗೆ ಹೊಸ ಅಧ್ಯಕ್ಷರ ಹೆಸರು ನೋಟಿಸ್ ಬೋರ್ಡಿಗೆ ಬಂತು.