ಬೇಲಿಯ ಹಿಂದಿನ ಹಳ್ಳ

ಅಮೆರಿಕದ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನಾವು ಮನೆ ಮಾಡಿ ಒಂಬತ್ತು ವರ್ಷವಾಯಿತು. ನಮ್ಮ ಬೀದಿ ಮುಗಿಯುವಲ್ಲಿ ತಂತಿ ಜಾಲರಿಯ ಬೇಲಿ, ಅದಕ್ಕೊಂದು ಬೀಗ ಹಾಕಿದ ಗೇಟು, ಗೇಟಿನ ಮೇಲೆ ಒಳಗೆ ಹೋಗಬಾರದೆಂಬ ಫಲಕ. ಬೇಲಿಯ ಆಚೆ ಜಲ್ಲಿ ಹಾಕಿದ ಒಂದು ಗಾಡಿದಾರಿ ಮತ್ತು ಅದರ ಪಕ್ಕದಲ್ಲಿ ಕಾಂಕ್ರೀಟಿನ ಆಳವಾದ ಕಾಲುವೆ. ಇಷ್ಟು ವರ್ಷ ಅದನ್ನು ನಾನು ಮಳೆನೀರಿನ ದೊಡ್ಡ ಚರಂಡಿ ಎಂದೇ ತಿಳಿದಿದ್ದೆ. ಕಳೆದ ವರ್ಷ ಅಕ್ಟೋಬರ್‌ನಲ್ಲಿ ನವಲಗುಂದ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅಪ್ಪ ಬಂದರು. ಬಂದ ಎರಡನೆಯ ದಿನ ಬೆಳಿಗ್ಗೆ ಅವರು ಆ ಬೇಲಿಗೆ ಬೆರಳು ಸಿಕ್ಕಿಸಿಕೊಂಡು ಬಹಳ ಹೊತ್ತು ನಿಂತಿದ್ದು, ನಾನು ಹತ್ತಿರ ಹೋದಾಗ, "ಇದು ಯಾವ ಹಳ್ಳ? ಎಲ್ಲಿ ಹುಟ್ಟತೈತಿ, ಎಲ್ಲಿ ಹೋಗಿ ಕೂಡತೈತಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ನಕ್ಷೆ ತೆಗೆದು ನೋಡಿದೆ. ಅದರ ಹೆಸರು ಕಲಬಾಸಸ್ ಕ್ರೀಕ್. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಕುಂಬಳ, ಸೋರೆಯಂಥ ಕಾಯಿಗಳು ಎಂದರ್ಥ. ಸಾರಟೋಗಾದ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಕುಪರ್ಟಿನೊ, ಸನಿವೇಲ್, ಸಾಂಟಾ ಕ್ಲಾರಾ ಊರುಗಳನ್ನು ಹಾದು, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯನ್ನು ಸೇರುತ್ತದೆ. ಒಂಬತ್ತು ವರ್ಷ ಒಂದು ಹಳ್ಳದ ದಂಡೆಯ ಮೇಲೆ ಬದುಕಿ ಅದರ ಹೆಸರನ್ನು ತಿಳಿಯದೆ ಹೋದದ್ದು ನನಗೆ ನಿಜವಾಗಿಯೂ ನೋವಿನ ಸಂಗತಿಯಾಯಿತು. ಬೆಣ್ಣೆಹಳ್ಳ ಎಲ್ಲಿ ತಿರುಗುತ್ತದೆ, ಯಾವ ಹೊಲಕ್ಕೆ ಮೊದಲು ನುಗ್ಗುತ್ತದೆ, ಮಲಪ್ರಭೆಯನ್ನು ಎಲ್ಲಿ ಕೂಡುತ್ತದೆ ಎಂಬುದು ನಮ್ಮೂರಿನಲ್ಲಿ ಶಾಲೆಗೆ ಹೋಗದ ಮಗುವಿಗೂ ಗೊತ್ತು. ಇಲ್ಲಿ ನಮಗೆ ಗೊತ್ತಾಗದಿರುವುದಕ್ಕೆ ಮುಖ್ಯ ಕಾರಣ ಆ ಬೇಲಿ ಎಂದು ನನಗೆ ಅನಿಸುತ್ತದೆ. ನಾವಿರುವ ಈ ಸಾಂಟಾ ಕ್ಲಾರಾ ಕಣಿವೆಯ ಸಣ್ಣ ಹಳ್ಳಗಳ ಗುಂಟ ಜನ ನಡೆದಾಡಲು ದಾರಿ ತೆರೆಯಬೇಕು, ಈಗಿರುವ ತುಂಡು ತುಂಡು ಟ್ರೇಲ್‌ಗಳನ್ನು, ಅಂದರೆ ನಡೆಯುವವರಿಗೂ ಸೈಕಲ್ಲಿನವರಿಗೂ ಇರುವ ದಾರಿಗಳನ್ನು, ಕೂಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಬೀದಿಯ ಹತ್ತಿರ ಕಲಬಾಸಸ್ ಗುಂಟ ನಡೆಯುವಂತಿಲ್ಲವಾದ್ದರಿಂದ ಅಪ್ಪನನ್ನು ಮೌಂಟನ್ ವ್ಯೂನ ಸ್ಟೀವನ್ಸ್ ಕ್ರೀಕ್ ಟ್ರೇಲಿಗೆ ಕರೆದುಕೊಂಡು ಹೋಗತೊಡಗಿದೆ. ಸ್ಟೀವನ್ಸ್ ಕ್ರೀಕ್ ಸುಮಾರು 20 ಮೈಲಿ ಉದ್ದದ ಹಳ್ಳ. ಸಾಂಟಾ ಕ್ರೂಜ್ ಬೆಟ್ಟಸಾಲಿನ ಬ್ಲ್ಯಾಕ್ ಮೌಂಟನ್ ಬಳಿ ಹುಟ್ಟಿ ಕೊಲ್ಲಿಗೆ ಇಳಿಯುತ್ತದೆ. 1776ರಲ್ಲಿ ಇಲ್ಲಿ ಹಾದುಹೋದ ಸ್ಪ್ಯಾನಿಷ್ ತಂಡವು ಇಟಲಿಯ ಸಂತನೊಬ್ಬನ ಸ್ಮರಣೆಯಲ್ಲಿ ಇದನ್ನು ಅರೊಯೊ ಸ್ಯಾನ್ ಹೊಸೆ ದೆ ಕುಪರ್ಟಿನೊ ಎಂದು ಕರೆಯಿತು. ಇಂದು ಜಗತ್ತಿಗೆಲ್ಲ ಪರಿಚಿತವಾದ ಕುಪರ್ಟಿನೊ ಎಂಬ ಊರಿನ ಹೆಸರು ಬಂದದ್ದು ಈ ಹಳ್ಳದಿಂದ. ಆಮೇಲೆ 1844ರಲ್ಲಿ ಸಿಯೆರಾ ನೆವಾಡಾ ಪರ್ವತಗಳನ್ನು ಎತ್ತಿನ ಬಂಡಿಗಳ ಸಮೇತ ಮೊದಲು ದಾಟಿ ಬಂದ ತಂಡದ ಮುಂದಾಳು ಎಲೈಷಾ ಸ್ಟೀಫನ್ಸ್ ಇದರ ದಂಡೆಯಲ್ಲಿ ನೆಲೆಸಿದ. ಹಳ್ಳಕ್ಕೆ ಅವನ ಹೆಸರು ಅಂಟಿಕೊಂಡಿತು, ಆದರೆ ಅಕ್ಷರ ತಪ್ಪಿ 'ಸ್ಟೀವನ್ಸ್' ಆಯಿತು. ಇವರೆಲ್ಲರಿಗಿಂತ ಸಾವಿರಾರು ವರ್ಷ ಮೊದಲಿನಿಂದಲೂ ಇಲ್ಲಿನ ಮೂಲನಿವಾಸಿಗಳಾದ ಒಲೋನಿ ಜನ ಈ ನೀರಿನ ಬಳಿ ಬದುಕಿದ್ದರು ಎಂಬುದನ್ನೂ ಮರೆಯಬಾರದು. ಪಕ್ಕದ ಪರ್ಮನೆಂಟೆ ಕ್ರೀಕ್ ಎಂಬ ಇನ್ನೂ ಸಣ್ಣ ಹಳ್ಳದ ಕತೆಯೂ ಇಂಥದ್ದೇ: ಅದರ ಮೇಲ್ಭಾಗದಲ್ಲಿ ಸಿಮೆಂಟ್ ಕಾರ್ಖಾನೆ ಕಟ್ಟಿದ ಹೆನ್ರಿ ಕೈಸರ್ ಅವರ ಆರೋಗ್ಯ ಸಂಸ್ಥೆಗೆ ಕೈಸರ್ ಪರ್ಮನೆಂಟೆ ಎಂಬ ಹೆಸರು ಬಂದದ್ದು ಆ ಹಳ್ಳದಿಂದಲೇ. ನಮ್ಮಲ್ಲಿ ಎಷ್ಟೋ ಜನರ ಜೇಬಿನಲ್ಲಿರುವ ವಿಮೆಯ ಕಾರ್ಡಿನ ಮೇಲೆ ಒಂದು ಹಳ್ಳದ ಹೆಸರಿದೆ.

ಮೌಂಟನ್ ವ್ಯೂ ಭಾಗದ ಟ್ರೇಲ್ 1991ರಲ್ಲಿ ತೆರೆಯತೊಡಗಿ, ತುಂಡು ತುಂಡಾಗಿ ಬೆಳೆದು, ಈಗ ಸುಮಾರು ಐದು ಮೈಲಿಯಷ್ಟಿದೆ. ಕೆಳತುದಿಯಲ್ಲಿ ಶೋರ್‌ಲೈನ್ ಪಾರ್ಕ್ ಇದೆ. ಒಂದು ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಕಸ ತಂದು ಸುರಿದ ಜಾಗವದು. ಇಂದು ಅಲ್ಲಿ ಕೊಕ್ಕರೆಗಳು ನಿಂತಿರುತ್ತವೆ. ಅಲ್ಲಿಂದ ಮೇಲಕ್ಕೆ ನಡೆದರೆ ಒಂದು ಕಡೆ ಮೊಫೆಟ್ ಫೀಲ್ಡ್ ಮತ್ತು ನಾಸಾ ಸಂಶೋಧನಾ ಕೇಂದ್ರ, ಇನ್ನೊಂದು ಕಡೆ ಗೂಗಲ್‌ನ ಕಟ್ಟಡಗಳು. ಮುಂದೆ 101 ಹೆದ್ದಾರಿಯ ಅಡಿಯಲ್ಲಿ ನುಸುಳಿ, ರೈಲುಹಳಿಗಳ ಮೇಲೆ ಸೇತುವೆಯಲ್ಲಿ ದಾಟಿ, ಎಲ್ ಕಮಿನೊ ರಸ್ತೆಯ ಕೆಳಗಿನಿಂದ ಹೊರಬಂದು, 85 ಹೆದ್ದಾರಿಯ ಸದ್ದು ಕಿವಿಗೆ ಬೀಳುವಷ್ಟು ಹತ್ತಿರದಲ್ಲೇ ವಿಲೋ ಮತ್ತು ಓಕ್ ಮರಗಳ ನೆರಳಿನಲ್ಲಿ ಸಾಗುತ್ತದೆ. ಇಷ್ಟು ದೂರದಲ್ಲಿ ಒಂದು ಸಿಗ್ನಲ್ಲಿನಲ್ಲೂ ನಿಲ್ಲಬೇಕಾಗಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಸೈಕಲ್ಲಿನಲ್ಲಿ, ಲ್ಯಾಂಡೆಲ್ಸ್ ಶಾಲೆಯ ಮಕ್ಕಳು ನಡೆದುಕೊಂಡು, ಊರಿನಿಂದ ಬಂದ ಅಪ್ಪ ಅಮ್ಮಂದಿರು ಶಾಲು ಹೊದ್ದು ಸ್ಪೋರ್ಟ್ಸ್ ಶೂ ಹಾಕಿಕೊಂಡು ಅಲ್ಲಿ ಸಿಗುತ್ತಾರೆ. ಕಾರು ಓಡಿಸಲು ಬಾರದ, ಇಂಗ್ಲಿಷ್ ಬಾರದ ಹಿರಿಯರಿಗೆ ಈ ದೇಶದಲ್ಲಿ ಆರು ತಿಂಗಳು ಎಂದರೆ ಮನೆಯೊಳಗಿನ ವಾಸವೇ. ಅಂಥವರು ಮತ್ತೊಬ್ಬರನ್ನು ಕೇಳದೆ ಹೋಗಿ ಬರಬಹುದಾದ ಜಾಗಗಳು ಬಹಳ ಕಡಿಮೆ. ಅಪ್ಪನಿಗೆ ಆ ಟ್ರೇಲಿನಲ್ಲಿ ಹುಬ್ಬಳ್ಳಿಯ ಕಡೆಯ ಇಬ್ಬರು, ಬಿಜಾಪುರದ ಒಬ್ಬರು, ಮಾತು ಬಾರದಿದ್ದರೂ ದಿನವೂ ಕೈ ಮುಗಿಯುವ ಒಬ್ಬ ಚೀನಾದ ಅಜ್ಜ ಗೆಳೆಯರಾದರು.

ನಡೆದಾಟದ ಸುಖ ಒಂದು ಕಡೆಗಿರಲಿ. ಈ ಹಳ್ಳಗಳು ಕಣಿವೆಗೆ ಮಾಡಿಕೊಟ್ಟಿರುವ ಉಪಕಾರ ಇಲ್ಲಿ ವಾಸಿಸುವ ಬಹಳ ಜನರಿಗೆ ಗೊತ್ತಿಲ್ಲ. ಸಾಂಟಾ ಕ್ಲಾರಾ ಕಣಿವೆ ಹಿಂದೆ ಹಣ್ಣಿನ ತೋಟಗಳ ನಾಡಾಗಿತ್ತು. ತೋಟಗಳಿಗಾಗಿ ಬಾವಿಗಳಿಂದ ಎಷ್ಟು ನೀರು ಎತ್ತಿದರೆಂದರೆ, ಇಪ್ಪತ್ತನೆಯ ಶತಮಾನದ ಮೊದಲ ಏಳು ದಶಕಗಳಲ್ಲಿ ಸ್ಯಾನ್ ಹೊಸೆ ಪೇಟೆಯ ನೆಲವೇ ಸುಮಾರು 13 ಅಡಿ ಕುಸಿಯಿತು. ಕೊಳವೆಬಾವಿಗಳ ಗತಿ ಕಂಡ ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1935ರಲ್ಲಿ ಸ್ಟೀವನ್ಸ್ ಕ್ರೀಕಿಗೆ ಅಣೆಕಟ್ಟು ಕಟ್ಟಿದ್ದು ಇದೇ ಕಾರಣಕ್ಕೆ. ಮಳೆಗಾಲದ ನೀರನ್ನು ಹಿಡಿದಿಟ್ಟು, ನಿಧಾನವಾಗಿ ಬಿಟ್ಟು, ಹಳ್ಳದ ಮರಳು ಮತ್ತು ಉರುಟುಕಲ್ಲಿನ ತಳದ ಮೂಲಕ ಅಂತರ್ಜಲಕ್ಕೆ ಇಳಿಸುವುದು ಅದರ ಉದ್ದೇಶ. ಇಂದಿಗೂ ಈ ಕಣಿವೆಯ ಕುಡಿಯುವ ನೀರಿನಲ್ಲಿ ಅಂತರ್ಜಲದ ಪಾಲು ದೊಡ್ಡದು. ನೆಲ ನೀರು ಕುಡಿಯಬೇಕಾದರೆ ಹಳ್ಳಕ್ಕೆ ತಳ ಇರಬೇಕು. ಕಲಬಾಸಸ್‌ನಂತೆ ಕಾಂಕ್ರೀಟು ಹಾಸಿದಲ್ಲಿ ನೀರು ಇಳಿಯುವುದಿಲ್ಲ, ಓಡಿಹೋಗುತ್ತದೆ. ಹಾಸಿದವರು ಮೂರ್ಖರೆಂದು ನಾನು ಹೇಳುತ್ತಿಲ್ಲ. ತೋಟಗಳು ಬಡಾವಣೆಗಳಾಗಿ, ಮನೆಗಳು ಹಳ್ಳದ ಅಂಚಿಗೆ ಬಂದು, ನೆರೆಯ ಭಯ ನಿಜವಾದ ಭಯವಾಗಿದ್ದ ಕಾಲದಲ್ಲಿ ನೀರನ್ನು ಬೇಗ ಸಾಗಹಾಕುವುದೇ ಜಾಣತನವಾಗಿ ಕಂಡಿತ್ತು. ಆ ಕಾಲದ ಪರಿಹಾರವನ್ನು ನಾವು ಶಾಶ್ವತವೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ಬೇರೆ ರೀತಿಯಲ್ಲಿ ಮಾಡಬಹುದು ಎಂಬುದಕ್ಕೆ ಕುಪರ್ಟಿನೊದಲ್ಲಿ ಸ್ಟೀವನ್ಸ್ ಕ್ರೀಕಿನ ದಂಡೆಯ ಮೇಲಿರುವ ಬ್ಲ್ಯಾಕ್‌ಬೆರಿ ಫಾರ್ಮ್ ಕಣ್ಣಮುಂದೆಯೇ ಇದೆ. ಅದು ಮೊದಲು ಖಾಸಗಿ ಪಿಕ್ನಿಕ್ ತಾಣವಾಗಿತ್ತು, ಆಮೇಲೆ ನಗರಾಡಳಿತ ಅದನ್ನು ಕೊಂಡಿತು. ಕಾರುಗಳು ಹಳ್ಳದ ಪಾತ್ರದಲ್ಲೇ ಹಾಸಿದ ಕಾಂಕ್ರೀಟಿನ ಮೇಲೆ ದಾಟುತ್ತಿದ್ದವು. ಸ್ಟೀಲ್‌ಹೆಡ್ ಎಂಬ ಮೀನು ಇಲ್ಲಿದೆ. ಹಳ್ಳದಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಚಳಿಗಾಲದ ಮಳೆಯಲ್ಲಿ ಹಳ್ಳ ತುಂಬಿದಾಗ ಮೊಟ್ಟೆಯಿಡಲು ಮತ್ತೆ ಮೇಲಕ್ಕೆ ಈಜಿ ಬರುತ್ತದೆ. ಅಳಿವಿನ ಅಪಾಯದಲ್ಲಿರುವ ಮೀನೆಂದು 1997ರಲ್ಲಿ ಕೇಂದ್ರ ಸರ್ಕಾರದ ಪಟ್ಟಿಗೆ ಸೇರಿದ್ದು. ಆ ಕಾಂಕ್ರೀಟಿನ ಹಾಸುಗಳು ಅದಕ್ಕೆ ಗೋಡೆಯಂತಿದ್ದವು. 2009ರ ಹೊತ್ತಿಗೆ ಅವುಗಳನ್ನು ಕಿತ್ತು, ಹಳ್ಳಕ್ಕೆ ತಿರುವುಗಳನ್ನು ಕೊಟ್ಟು, ಇಲ್ಲಿನ ನೆಲದ್ದೇ ಆದ ಗಿಡಮರ ನೆಟ್ಟು, ಪಕ್ಕದಲ್ಲಿ ಟ್ರೇಲ್ ಮಾಡಿದರು. ಮೀನಿನ ಮರಿಗಳಿಗೆ ಬೇಸಿಗೆಯಲ್ಲಿ ತಣ್ಣನೆಯ ನೀರು ಬೇಕು, ನೀರು ತಣ್ಣಗಿರಲು ಮರದ ನೆರಳು ಬೇಕು, ಮೊಟ್ಟೆಗೆ ಉರುಟುಕಲ್ಲಿನ ಸಂದು ಬೇಕು. ಅಲ್ಲಿನ ಕಿರುಸೇತುವೆಯ ಮೇಲೆ ನಿಂತು ಅಪ್ಪ ತೋರಿಸಿದ್ದನ್ನು ನಾನಾಗಿ ಎಂದೂ ನೋಡಿರಲಿಲ್ಲ: ಆಲ್ಡರ್ ಮರದ ಬೇರುಗಳು ನೀರಿನೊಳಗೆ ಕೆಂಪು ದಾರದ ಕುಚ್ಚಿನಂತೆ ಇಳಿಬಿದ್ದಿದ್ದವು, ಆ ಕುಚ್ಚುಗಳ ಮರೆಯಲ್ಲಿ ಬೆರಳುದ್ದದ ಮರಿಗಳು ಹರಿವಿಗೆ ಮುಖ ಮಾಡಿ ಬಾಲವಾಡಿಸುತ್ತ ಇದ್ದಲ್ಲೇ ನಿಂತಿದ್ದವು. ಅಲ್ಲಿಂದ ಸ್ವಲ್ಪ ಮೇಲಕ್ಕೆ ಅಣೆಕಟ್ಟಿದೆ. ಅದಕ್ಕೆ ಮೀನು ಹತ್ತುವ ಏಣಿಯಿಲ್ಲವಾದ್ದರಿಂದ ಅವುಗಳ ಲೋಕ ಅಲ್ಲಿಗೆ ಮುಗಿಯುತ್ತದೆ ಎಂಬುದು ಬೇಸರದ ಸಂಗತಿ.

ಮೌಂಟನ್ ವ್ಯೂನ ಟ್ರೇಲಿಗೂ ಕುಪರ್ಟಿನೊದ ಟ್ರೇಲಿಗೂ ನಡುವೆ ಕೆಲವೇ ಮೈಲಿಗಳ ಅಂತರ. ಕುಪರ್ಟಿನೊ, ಸನಿವೇಲ್, ಲಾಸ್ ಆಲ್ಟೋಸ್, ಮೌಂಟನ್ ವ್ಯೂ ಈ ನಾಲ್ಕೂ ನಗರಗಳು ಸೇರಿ ಅವುಗಳನ್ನು ಕೂಡಿಸುವ ಬಗೆಗೆ ಮಾಡಿಸಿದ ಅಧ್ಯಯನ 2015ರಲ್ಲಿ ಮುಗಿಯಿತು. ಕೊಂಡಿ ಇನ್ನೂ ಕೂಡಿಲ್ಲ. ಹಣ, ಜಾಗ, ಹೆದ್ದಾರಿ ಎಲ್ಲವೂ ತೊಡಕುಗಳೇ, ಆದರೆ ಜೋರಾಗಿ ಕೇಳಿಬಂದದ್ದು ಹಳ್ಳದ ಪಕ್ಕದ ಮನೆಯವರ ವಿರೋಧ. ಅದನ್ನು ಸ್ವಾರ್ಥವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಿತ್ತಿಲಿನಲ್ಲಿ ಕುಳಿತಾಗ ಹೋಗುವವರು ಬರುವವರು ಇಣುಕುತ್ತಾರೆ, ಕಳ್ಳರಿಗೆ ದಾರಿಯಾಗುತ್ತದೆ, ರಾತ್ರಿ ಗದ್ದಲವಾಗುತ್ತದೆ, ನಾಯಿಯ ಹೊಲಸು ಬೀಳುತ್ತದೆ. ಮನೆಗಾಗಿ ಜೀವಮಾನದ ಸಾಲ ಹೊತ್ತವರಿಗೆ ಇವೆಲ್ಲ ಸಣ್ಣ ಮಾತುಗಳಲ್ಲ. ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಂಥ ಮಾತು ಬಂದಾಗ ಮೊದಲು ನಾನೂ ಸುಮ್ಮನಿದ್ದೆ.

ಈಗ ನನ್ನ ಉತ್ತರ ಹೀಗಿದೆ. ಇಂದು ಆ ಜಲ್ಲಿದಾರಿಯಲ್ಲಿ ಯಾರೂ ಇಲ್ಲ, ಆದ್ದರಿಂದಲೇ ಬೇಲಿ ಹಾರಿ ಬರುವವನನ್ನು ನೋಡುವ ಕಣ್ಣೂ ಇಲ್ಲ. ನಮ್ಮ ಹಿಂದಿನ ಕಾಲುವೆಯಲ್ಲಿ ಯಾರೋ ಎಸೆದ ಹಾಸಿಗೆಯೊಂದು ಎರಡು ಮಳೆಗಾಲ ಬಿದ್ದಿತ್ತು. ಜನ ಓಡಾಡುವ ಸ್ಟೀವನ್ಸ್ ಕ್ರೀಕಿನಲ್ಲಿ ಅಷ್ಟು ದಿನ ಅಂಥದ್ದು ಬಿದ್ದಿರುವುದನ್ನು ನಾನು ಕಂಡಿಲ್ಲ. ಕುಪರ್ಟಿನೊದಲ್ಲಿ ಗ್ರಂಥಾಲಯದ ಪಕ್ಕದಿಂದ ವಿಲ್ಸನ್ ಪಾರ್ಕಿನ ಕಡೆಗೆ ಮನೆಗಳ ಹಿತ್ತಿಲ ಬೇಲಿಗಳ ಗುಂಟವೇ ಹೋಗುವ ರೆಗ್ನಾರ್ಟ್ ಕ್ರೀಕ್ ಟ್ರೇಲಿನ ಬಗ್ಗೆಯೂ ಇದೇ ಆಕ್ಷೇಪಗಳು ವರ್ಷಗಟ್ಟಲೆ ಚರ್ಚೆಯಾದವು. ಕೊನೆಗೆ ಟ್ರೇಲ್ ಆಯಿತು. ನಾನು ಅಲ್ಲಿ ಹಲವು ಸಲ ನಡೆದಿದ್ದೇನೆ. ಕಂಡದ್ದು ಗ್ರಂಥಾಲಯದಿಂದ ಪುಸ್ತಕ ಹೊತ್ತು ಬರುವ ಮಕ್ಕಳು ಮತ್ತು ಅವರ ಹಿಂದೆ ನಿಧಾನವಾಗಿ ಬರುವ ಅಜ್ಜ ಅಜ್ಜಿಯರು.

ಹಾಗೆಂದು ಎಲ್ಲ ಹಳ್ಳದ ಎರಡೂ ದಂಡೆಗೆ ಡಾಂಬರು ಹಾಕಬೇಕೆಂದು ನಾನು ಕೇಳುತ್ತಿಲ್ಲ. ಒಂದು ದಂಡೆಯಲ್ಲಿ ಮನುಷ್ಯ ನಡೆಯಲಿ, ಇನ್ನೊಂದು ದಂಡೆ ಹಕ್ಕಿಗೂ ನರಿಗೂ ಇರಲಿ. ರಾತ್ರಿ ದೀಪ ಬೇಡ, ಕತ್ತಲಾದ ಮೇಲೆ ಗೇಟು ಮುಚ್ಚಲಿ. ಹಿತ್ತಿಲ ಬೇಲಿ ಗಿಡ್ಡವಿರುವಲ್ಲಿ ಎತ್ತರಿಸುವ ಖರ್ಚನ್ನು ಊರೇ ಹೊರಲಿ, ಏಕೆಂದರೆ ಅನುಕೂಲ ಊರಿಗೆಲ್ಲ ಆಗುವಾಗ ತೊಂದರೆಯನ್ನು ಹತ್ತು ಮನೆಗಳ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಮಳೆ ಜೋರಾದಾಗ ಹೆದ್ದಾರಿಯ ಅಡಿಯ ದಾರಿಗಳು ಮುಳುಗುತ್ತವೆ, ಆಗ ಅವುಗಳನ್ನು ಮುಚ್ಚಲೇಬೇಕು. ಹಳ್ಳಕ್ಕೆ ಮೊದಲ ಹಕ್ಕು ನೀರಿನದು, ಆಮೇಲೆ ನಮ್ಮದು. ನಮ್ಮಲ್ಲಿ ಬಹಳ ಜನ ದುಡಿಮೆ, ಮಕ್ಕಳ ಶಾಲೆ, ಹಸಿರು ಚೀಟಿಯ (ಗ್ರೀನ್ ಕಾರ್ಡಿನ) ಚಿಂತೆಗಳ ನಡುವೆ ನಗರಸಭೆಯ ಕಡೆ ತಲೆ ಹಾಕುವುದಿಲ್ಲ. ಮತ ಹಾಕುವ ಹಕ್ಕಿಲ್ಲದಿದ್ದರೂ ಸಭೆಗೆ ಹೋಗಿ ಮೂರು ನಿಮಿಷ ಮಾತಾಡುವುದಕ್ಕೆ ಯಾರ ತಡೆಯೂ ಇಲ್ಲ ಎಂಬುದು ನನಗೂ ಈಚೆಗೆ ತಿಳಿಯಿತು.

ನವೆಂಬರಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ನಾವು ಮೌಂಟನ್ ವ್ಯೂನ ಟ್ರೇಲಿನಲ್ಲಿದ್ದೆವು. ಆ ಭಾಗದಲ್ಲಿ ಹಳ್ಳ ಬೇಸಿಗೆಯಲ್ಲಿ ಬತ್ತಿಹೋಗಿ ಬರೀ ಕಲ್ಲು ಕಾಣುತ್ತಿರುತ್ತದೆ. ಅಪ್ಪ ಥಟ್ಟನೆ ನಿಂತು ಕೈ ಎತ್ತಿದರು. ಮೇಲಿನ ತಿರುವಿನಿಂದ ಒಂದು ಗೇಣು ಅಗಲದ ನೀರು, ಮುಂದೆ ಕಂದು ನೊರೆಯನ್ನೂ ಒಣ ಎಲೆಗಳನ್ನೂ ಒಂದು ಟೆನಿಸ್ ಚೆಂಡನ್ನೂ ತಳ್ಳಿಕೊಂಡು, ಕಲ್ಲುಗಳ ನಡುವೆ ದಾರಿ ಹುಡುಕುತ್ತ ಬರುತ್ತಿತ್ತು. ಒಂದು ಗುಳಿ ತುಂಬುವವರೆಗೆ ನಿಲ್ಲುತ್ತಿತ್ತು, ತುಂಬಿದೊಡನೆ ಅಂಚು ಒಡೆದು ಮುಂದಿನ ಗುಳಿಗೆ ಇಳಿಯುತ್ತಿತ್ತು. "ಹಳ್ಳ ಬಂತ ನೋಡು" ಎಂದರು. ನಮ್ಮ ಸೀಮೆಯಲ್ಲಿ ನೀರು ಬಂತು ಎನ್ನುವುದಿಲ್ಲ, ಹಳ್ಳವೇ ಬಂತು ಎನ್ನುತ್ತೇವೆ. ಮಗುವಿನ ತಳ್ಳುಗಾಡಿಯೊಡನೆ ಹೋಗುತ್ತಿದ್ದ ಹೆಂಗಸೊಬ್ಬರು ಏನೆಂದು ಕೇಳಿದಾಗ ಅಪ್ಪ ಬೆರಳು ತೋರಿಸಿದರು. ಅವರೂ ನಿಂತರು, ಸೈಕಲ್ಲಿನವರಿಬ್ಬರು ಕಾಲೂರಿದರು. ನೀರು ಸೇತುವೆಯ ಕೆಳಗೆ ಹೋಗುವವರೆಗೆ ನಾವು ಯಾರೂ ಕದಲಲಿಲ್ಲ.

ಅದೇ ಸಂಜೆ ನಮ್ಮ ಬೀದಿಯ ಬೇಲಿಯ ಬಳಿಯೂ ಹೋಗಿ ನಿಂತೆವು. ಕಲಬಾಸಸ್ ಕೂಡ ಬಂದಿತ್ತು. ಕಾಲುವೆ ಆಳವಾಗಿರುವುದರಿಂದ ಬೇಲಿಯಿಂದ ನೀರು ಕಾಣುವುದಿಲ್ಲ, ಕಾಂಕ್ರೀಟಿನ ಮೇಲೆ ಅದು ಭರ್ರೆಂದು ಓಡುವ ಸದ್ದಷ್ಟೇ ಕೇಳಿಸುತ್ತಿತ್ತು.

ನಾನು ನಗರಸಭೆಗೆ ಎರಡು ಪತ್ರ ಬರೆದಿದ್ದೇನೆ, ಒಂದು ಸ್ಟೀವನ್ಸ್ ಕ್ರೀಕಿನ ಕೊಂಡಿಯ ಬಗ್ಗೆ, ಇನ್ನೊಂದು ನಮ್ಮ ಬೀದಿಯ ಗೇಟಿನ ಬಗ್ಗೆ. ಸನಿವೇಲ್, ಲಾಸ್ ಆಲ್ಟೋಸ್ ಕಡೆಯ ಗೆಳೆಯರು ತಾವೂ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ವಿಷಯ ಸಭೆಯ ಮುಂದೆ ಬರುವ ದಿನ ಗೊತ್ತಾದೊಡನೆ ಇಲ್ಲಿ ತಿಳಿಸುತ್ತೇನೆ.