ಲಿ ಶಿಜೆನ್‌ಗೆ ಎಷ್ಟು ಅಂಕ ಕೊಡೋಣ?

ಚೀನಾದ ಪಾರಂಪರಿಕ ವೈದ್ಯದ ಮಾತು ಬಂದಾಗಲೆಲ್ಲ ಜನ ಎರಡು ಪಾಳಯವಾಗುತ್ತಾರೆ. ಒಂದು ಕಡೆಯವರಿಗೆ ಅದು ಹಿರಿಯರ ಜ್ಞಾನ, ಕೆದಕಬಾರದು. ಇನ್ನೊಂದು ಕಡೆಯವರಿಗೆ ಖಡ್ಗಮೃಗದ ಕೊಂಬಿನ ವ್ಯಾಪಾರ, ಅಷ್ಟೇ. ತಮಾಷೆ ಅಂದರೆ, ಇಬ್ಬರೂ ಸಾಕ್ಷಿಗೆ ಎಳೆದು ತರುವುದು ಒಬ್ಬನನ್ನೇ, ಹದಿನಾರನೇ ಶತಮಾನದ ವೈದ್ಯ ಲಿ ಶಿಜೆನ್‌ನನ್ನು. ಇಬ್ಬರೂ ಅವನ ಪುಸ್ತಕವನ್ನು ಸರಿಯಾಗಿ ಓದಿಲ್ಲ ಅನ್ನುವುದು ನನ್ನ ತಕರಾರು.

1518ರಲ್ಲಿ ಹುಬೈ ಸೀಮೆಯ ಚಿಜೌನಲ್ಲಿ ಹುಟ್ಟಿದವನು. ಅಪ್ಪ ವೈದ್ಯ. ವೈದ್ಯರಿಗೆ ಆಗ ಅಂಥ ಮರ್ಯಾದೆ ಇರಲಿಲ್ಲ, ಹಾಗಾಗಿ ಮಗ ಸರ್ಕಾರಿ ಅಧಿಕಾರಿಯಾಗಲಿ ಅಂತ ಆಸೆ. (ಇಂಥ ಅಪ್ಪಂದಿರು ಎಲ್ಲ ಕಾಲದಲ್ಲೂ ಇದ್ದರು.) ಮಗ ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿ ಅಪ್ಪನ ಕಸುಬಿಗೇ ಬಂದ. 1552ರಲ್ಲಿ ಹಿಡಿದ ಪುಸ್ತಕ ಮುಗಿಯಲು 27 ವರ್ಷ ಬೇಕಾಯಿತು. ಅದೇ ಬೆನ್‌ಸಾವೊ ಗಾಂಗ್‌ಮು: 52 ಭಾಗ, 1,892 ಔಷಧದ್ರವ್ಯ, 11,000ಕ್ಕೂ ಹೆಚ್ಚು ಔಷಧಯೋಗ. ಅಚ್ಚಾಗಿ ಬಂದದ್ದು 1596ರಲ್ಲಿ, ಅವನು ತೀರಿಕೊಂಡ ಮೂರು ವರ್ಷಕ್ಕೆ. ಮಗ ಅದನ್ನು ಚಕ್ರವರ್ತಿಗೆ ಒಪ್ಪಿಸಿದಾಗ, ‘ಪುಸ್ತಕ ಇಲ್ಲಿರಲಿ, ನೋಡೋಣ, ಇಲಾಖೆಗೆ ತಿಳಿಸಿ’ ಎಂಬರ್ಥದ ಟಿಪ್ಪಣಿ ಬಿತ್ತು. ಸರ್ಕಾರಿ ಕಚೇರಿಗೆ ಅಲೆದವರಿಗೆಲ್ಲ ಈ ಭಾಷೆ ಗೊತ್ತು.

ಹಿರಿಯರನ್ನು ಪ್ರಶ್ನಿಸಬಾರದು ಅನ್ನುವವರು ಪಾದರಸದ ಬಗ್ಗೆ ಅವನು ಬರೆದದ್ದನ್ನು ಓದಬೇಕು. ಬಹುಕಾಲ ಸೇವಿಸಿದರೆ ಸಾವೇ ಇಲ್ಲ ಎಂದು ಶೆನ್‌ನೊಂಗ್ ಹೆಸರಿನ ಪ್ರಾಚೀನ ಗ್ರಂಥದಲ್ಲೇ ಇತ್ತು. ಅಂಥ ಗ್ರಂಥದ ಹೆಸರು ಹೇಳಿಯೇ ಇವನು ತಿರುಗಿಬೀಳುತ್ತಾನೆ: ಬದುಕಿನ ದುರಾಸೆಗೆ ಇದನ್ನು ತಿಂದು ಅಂಗವಿಕಲರಾದವರು, ಸತ್ತವರು ಎಷ್ಟು ಮಂದಿಯೋ; ರಸವಾದಿಗಳ ಮಾತು ಹಾಗಿರಲಿ, ಔಷಧಗ್ರಂಥವೂ ಬಾಯಿಗೆ ಬಂದದ್ದು ಹೇಳಬಹುದೇ? ಅವನು ಯೌವನದಲ್ಲಿದ್ದಾಗ ಸಿಂಹಾಸನದ ಮೇಲಿದ್ದ ಜಿಯಾಜಿಂಗ್ ಚಕ್ರವರ್ತಿಗೆ ಅಮರತ್ವದ ಗುಳಿಗೆಯ ಹುಚ್ಚು ವಿಪರೀತ ಇತ್ತು ಅನ್ನುವುದು ನೆನಪಿರಲಿ.

ನನಗೆ ಇನ್ನೂ ಇಷ್ಟವಾದದ್ದು ದತ್ತೂರದ ಪ್ರಸಂಗ. ನಗುತ್ತಾ ಹೂ ಕಿತ್ತು ಮದ್ಯ ಮಾಡಿದರೆ ಕುಡಿದವನು ನಗುತ್ತಾನೆ, ಕುಣಿಯುತ್ತಾ ಕಿತ್ತರೆ ಕುಣಿಯುತ್ತಾನೆ ಅಂತ ಜನ ನಂಬಿದ್ದರು. ಇವನು ಪರೀಕ್ಷೆ ಮಾಡಿಯೇ ನೋಡಿದ. ಅರ್ಧ ಅಮಲೇರಿರಬೇಕು, ಎದುರಿಗೆ ಇನ್ನೊಬ್ಬ ನಗಬೇಕು ಇಲ್ಲವೇ ಕುಣಿಯಬೇಕು, ಆಗ ಮಾತ್ರ ಅದು ನಿಜವಾಗುತ್ತದೆ ಎಂದು ಬರೆದ. ಔಷಧಿಯ ಗುಣ ಎಷ್ಟು, ನೋಡಿ ಕಲಿತದ್ದು ಎಷ್ಟು ಎಂದು ಬಿಡಿಸಿ ನೋಡುವ ಕಣ್ಣು ಅದು.

ಹಾಗಂತ ಪೂರ್ತಿ ಅಂಕ ಕೊಡುವ ಹಾಗಿಲ್ಲ. ಚಿಪ್ಪುಹಂದಿಯ ಪುಟಕ್ಕೆ ಬನ್ನಿ. ಅದು ಚಿಪ್ಪು ತೆರೆದು ಇರುವೆಗಳನ್ನು ಹತ್ತಿಸಿಕೊಂಡು, ನೀರಿಗಿಳಿದು, ತೇಲಿದವನ್ನು ತಿನ್ನುತ್ತದೆ ಅನ್ನುವ ಹಳೆಯ ಕಥೆಯೊಂದಿತ್ತು. ಇವನು ಪ್ರಾಣಿಯ ಹೊಟ್ಟೆ ಕೊಯ್ದು ನೋಡಿದ. ನಾಲಿಗೆ ಚಾಚಿ ಇರುವೆ ತಿನ್ನುತ್ತದೆ, ಜಠರದಲ್ಲಿ ಹೆಚ್ಚುಕಡಿಮೆ ಒಂದು ಸೇರು ಇರುವೆ ಸಿಕ್ಕಿತು ಎಂದು ದಾಖಲಿಸಿದ. ಭೇಷ್! ಆದರೆ ಅದೇ ಪ್ರಾಣಿಯ ಚಿಪ್ಪನ್ನು ಕೊಟ್ಟರೆ ಬಾಣಂತಿಗೆ ಹಾಲು ಇಳಿಯುತ್ತದೆ ಅನ್ನುವ ಮಾತನ್ನು ಹಾಗೇ ಒಪ್ಪಿಕೊಂಡಿದ್ದಾನೆ. ಚಿಪ್ಪು ಅಂದರೆ ನಮ್ಮ ಉಗುರಿನಂಥದ್ದೇ ಕೆರಾಟಿನ್, ಬೇರೇನಲ್ಲ.

ಕಣ್ಣಿಗೆ ಕಾಣುವುದನ್ನು ಅವನು ಬಿಡಲಿಲ್ಲ. ಔಷಧಿಯಿಂದಲೇ ವಾಸಿಯಾಯಿತೇ ಅನ್ನುವುದು ಕಣ್ಣಿಗೆ ಕಾಣುವುದಲ್ಲ. ಒಂದಷ್ಟು ಬಾಣಂತಿಯರಿಗೆ ಕೊಟ್ಟು, ಅಷ್ಟೇ ಜನರಿಗೆ ಕೊಡದೆ, ಕೂತು ಲೆಕ್ಕ ಹಾಕಬೇಕು. ಯೂರೋಪಿನಲ್ಲೂ ಹಡಗಿನ ವೈದ್ಯ ಜೇಮ್ಸ್ ಲಿಂಡ್ ನಾವಿಕರನ್ನು ಗುಂಪು ಮಾಡಿ ಸ್ಕರ್ವಿ ಎಂಬ ಕಾಯಿಲೆಗೆ ನಿಂಬೆ, ಕಿತ್ತಳೆ ಕೊಟ್ಟು ನೋಡಿದ್ದು 1747ರಲ್ಲಿ. ಅಷ್ಟು ಮುಂಚಿನವನನ್ನು ಆ ಲೆಕ್ಕ ಹಾಕಲಿಲ್ಲ ಅಂತ ಬೈಯುವುದು ಅತಿಯಾಯಿತು. ಲೆಕ್ಕ ಗೊತ್ತಿದ್ದೂ ಇವತ್ತು ಅವನ ಹೆಸರಲ್ಲಿ ಮಾರುವವರನ್ನು ಬೈಯಲು ನನ್ನ ಅಭ್ಯಂತರವಿಲ್ಲ.

ಒಂದರ ಹೆಸರಲ್ಲಿ ಇನ್ನೊಂದು ಗಿಡ ಬೆರೆತುಹೋಗುವುದು ಹಳೆಯ ಗ್ರಂಥಗಳ ಮೇಲೆ ಅವನಿಗಿದ್ದ ದೊಡ್ಡ ಸಿಟ್ಟು. ನಾಲ್ಕು ಶತಮಾನದ ಮೇಲೆ, 1990ರ ದಶಕದ ಆರಂಭದಲ್ಲಿ, ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮಾತ್ರೆಗೆ ಸ್ಟೆಫಾನಿಯಾ ಬದಲು ಅದೇ ಬಗೆಯ ಚೀನೀ ಹೆಸರಿನ ಅರಿಸ್ಟೊಲೊಕಿಯಾ ಬೇರು ಸೇರಿ ಹತ್ತಾರು ಹೆಂಗಸರ ಕಿಡ್ನಿ ಹೋಯಿತು. ಗುರುವಿನ ಪಟಕ್ಕೆ ಹಾರ ಹಾಕಿದವರು ಪಾಠ ಮರೆತರೆ ಹೀಗೇ.

ಇನ್ನು ನೊಬೆಲ್ ವಿಷಯ. ಮಲೇರಿಯಾಕ್ಕೆ ಚಿಂಗ್‌ಹಾವ್ ಸೊಪ್ಪು ಒಂದು ಹಿಡಿ, ನೀರಲ್ಲಿ ನೆನೆಸಿ ಹಿಂಡಿ ಕುಡಿ ಎಂಬ, ವೈದ್ಯ ಗೆ ಹೊಂಗ್‌ನ ನಾಲ್ಕನೇ ಶತಮಾನದ ಸಾಲು ಲಿ ಪುಸ್ತಕದಲ್ಲೂ ಇದೆ. ಕುದಿಸಬೇಕು ಅಂತ ಅದರಲ್ಲಿಲ್ಲವಲ್ಲ, ಶಾಖಕ್ಕೇ ಗುಣ ಕೆಡುತ್ತಿರಬಹುದು ಎಂದು ಚೀನೀ ವಿಜ್ಞಾನಿ ಟು ಯೂಯೂ ಅವರಿಗೆ ಹೊಳೆದು, 1971ರಲ್ಲಿ ಕಡಿಮೆ ಶಾಖದಲ್ಲಿ, ಈಥರ್‌ನಲ್ಲಿ ಸಾರ ತೆಗೆದರು. ಆಮೇಲೆ ಇಲಿ, ಮಂಗ, ತಾವೇ ಸ್ವತಃ, ಕೊನೆಗೆ ರೋಗಿಗಳು. 2015ರ ನೊಬೆಲ್ ಬಂತು. ‘ಪಾರಂಪರಿಕ ವೈದ್ಯಕ್ಕೆ ನೊಬೆಲ್’ ಅಂತ ಕುಣಿಯುವವರು, ಅದಕ್ಕೂ ಮುಂಚೆ ಅವರ ತಂಡ ಜರಡಿ ಹಿಡಿದು ಕೈಬಿಟ್ಟ ನೂರಾರು ಸಾರಗಳ ಸುದ್ದಿ ಎತ್ತುವುದಿಲ್ಲ. ಅವೂ ಹಳೆಯ ಪುಸ್ತಕದವೇ ಸ್ವಾಮಿ.

ಚಿಪ್ಪುಹಂದಿ ನಮ್ಮ ಕರ್ನಾಟಕದ ಕಾಡಿನಲ್ಲೂ ಇದೆ, ಚಿಪ್ಪಿನಾಸೆಗೆ ಇಲ್ಲೂ ಅದರ ಬೇಟೆ ನಡೆಯುತ್ತದೆ. ಚೀನಾ ತನ್ನ ಅಧಿಕೃತ ಔಷಧಕೋಶದ ಕಚ್ಚಾ ದ್ರವ್ಯಗಳ ಪಟ್ಟಿಯಿಂದ ಚಿಪ್ಪನ್ನು ಕೈಬಿಟ್ಟದ್ದು 2020ರಲ್ಲಿ. ಆ ಆವೃತ್ತಿಯಲ್ಲೂ ಕೆಲವು ಸಿದ್ಧ ಔಷಧಗಳ ಸಾಮಗ್ರಿಯಲ್ಲಿ ಚಿಪ್ಪು ಹಾಗೇ ಉಳಿದಿತ್ತು.